ನರ್ಸ್ ಆಗಿದ್ದ ಅಮ್ಮನ ಬಗ್ಗೆ ಬರೆಯುವುದು ಹೇಗೆ: ಒಮ್ಮೆ ಕೆಡಿಸಿ ಕಲಿತವನ ಮಾತು

ಅಮ್ಮ ತೀರಿಹೋದ ರಾತ್ರಿ ನಾನು ಅಡುಗೆಮನೆಯಲ್ಲಿ ಕೂತು ಎರಡು ಪುಟದ ಜೀವನ ಚರಿತ್ರೆ ಬರೆದೆ. ಮರುದಿನ ಅದನ್ನು ಚರ್ಚಿನಲ್ಲಿ ಓದಬೇಕಿತ್ತು. ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನವರಲ್ಲಿ, ಹಾಗೆಯೇ, ಯಾರು ಹೋದರೂ ಮಣ್ಣಿಗೆ ಒಯ್ಯುವ ಮೊದಲು ಆರಾಧನೆಯಲ್ಲಿ ಅವರ ಜೀವನ ಚರಿತ್ರೆ ಓದುತ್ತಾರೆ. ಓದಿದೆ. ಚೆನ್ನಾಗಿತ್ತು ಎಂದು ನಾಲ್ಕು ಜನ ಹೇಳಿದರು. ಸ್ಮಶಾನದಿಂದ ವಾಪಸ್ ಬರುವಾಗ, ಅಮ್ಮನ ಜೊತೆ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಮಗಾ, ನೀನು ಓದಿದ್ದು ಯಾರದ್ದು? ನಮ್ಮ ಸಿಸ್ಟರಮ್ಮಂದು ಯಾವಾಗ ಓದ್ತೀ?"

ಅವರು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ ಅವರಿಗೆ.

ಆಮೇಲೆ ಮನೆಗೆ ಬಂದು ಆ ಎರಡು ಪುಟ ಮತ್ತೆ ಓದಿದೆ. "ತ್ಯಾಗ" ಎಂಬ ಶಬ್ದ ಹನ್ನೊಂದು ಸಲ ಇತ್ತು. "ಮಮತಾಮಯಿ", "ಸೇವೆಯ ಸಾಕಾರಮೂರ್ತಿ", "ದೈವಭಕ್ತೆ", ಎಲ್ಲಾ ಇತ್ತು. ಅಮ್ಮ ಯಾವ ವಾರ್ಡಿನಲ್ಲಿ ಇದ್ದರು ಎಂದು ಮಾತ್ರ ಇರಲಿಲ್ಲ. ಅದೇ ಎರಡು ಪುಟದಲ್ಲಿ ಹೆಸರು ಬದಲಿಸಿ ಪಕ್ಕದ ಮನೆಯ ಟೀಚರಮ್ಮನಿಗೂ ಓದಬಹುದಿತ್ತು. ಒಂದು ವರ್ಷ ತೆಗೆದುಕೊಂಡು ಎರಡನೇ ಸಲ ಬರೆದೆ. ಅದಾದ ಮೇಲೆ ಸಭೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ "ಸ್ವಲ್ಪ ನೋಡಿ ಕೊಡಿ ಮಾರಾಯ್ರೆ" ಎಂದು ನನ್ನ ಹತ್ತಿರ ಬರುವುದು ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ನಾನು ಕಲಿತದ್ದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಿಮ್ಮ ಅಮ್ಮನೂ ನರ್ಸ್ ಆಗಿದ್ದರೆ, ಚರ್ಚಿಗೆ ಹೋಗುತ್ತಿದ್ದರೆ, ಹೆಚ್ಚು ಕಡಿಮೆ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲಿಗೆ, ಅವಸರದ್ದು ಮತ್ತು ನಿಧಾನದ್ದು ಎರಡನ್ನೂ ಬೇರೆ ಬೇರೆ ಮಾಡಿ

ತೀರಿಹೋದ ದಿನ ಬರೆಯಬೇಕಾದ್ದು ಬಹಳ ಕಡಿಮೆ. ಹೆಸರು, ವಯಸ್ಸು, ಊರು, ಎಲ್ಲಿ ಕೆಲಸ ಮಾಡಿದ್ದರು, ಆರಾಧನೆ ಎಷ್ಟು ಗಂಟೆಗೆ, ಯಾವ ಚರ್ಚು, ಸಂಪರ್ಕಕ್ಕೆ ಒಬ್ಬರ ನಂಬರ್. ಅಷ್ಟೇ. ಪತ್ರಿಕೆಗೂ ಅದೇ, ವಾಟ್ಸಾಪಿಗೂ ಅದೇ. ಇದನ್ನು ಮಕ್ಕಳು ಬರೆಯಲೇಬೇಡಿ. ಅಳದೆ ಇರಬಲ್ಲ ಒಬ್ಬ ಅಳಿಯನೋ ಭಾವನೋ ಇರುತ್ತಾರಲ್ವಾ, ಅವರ ಕೈಗೆ ಕೊಡಿ. ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ನೋಡಲಿ. ನಾವು ಇದನ್ನು ಮಾಡಲಿಲ್ಲ, ಮರುದಿನ ಒಂದು ಪತ್ರಿಕೆಯಲ್ಲಿ ಅಮ್ಮನ ವಯಸ್ಸು ಹತ್ತು ವರ್ಷ ಜಾಸ್ತಿ ಬಂತು. ಅಮ್ಮ ಇದ್ದಿದ್ದರೆ ಅದಕ್ಕೆ ನಮ್ಮನ್ನು ಒಂದು ವಾರ ಮಾತಾಡಿಸುತ್ತಿರಲಿಲ್ಲ.

ಆರಾಧನೆಯಲ್ಲಿ ಓದಲು ಏನಾದರೂ ಬೇಕೇ ಬೇಕು ಎಂದರೆ ಅರ್ಧ ಪುಟ ಸಾಕು. ಹುಟ್ಟಿದ್ದು, ಓದಿದ್ದು, ಕೆಲಸ, ಮದುವೆ, ಮಕ್ಕಳು, ಕಾಯಿಲೆ, ಮತ್ತೆ ಒಂದೇ ಒಂದು ಘಟನೆ. ದೊಡ್ಡದನ್ನು ಆಮೇಲೆ ಬರೆಯಿರಿ. ತಿಂಗಳಿಗೋ, ವರ್ಷಕ್ಕೋ, ಅವರ ಮುಂದಿನ ಹುಟ್ಟುಹಬ್ಬಕ್ಕೋ. ಅದು ಬರೆಯಲಿಕ್ಕೆ ತುರ್ತು ಏನೂ ಇಲ್ಲ. ಆದರೆ ಅದಕ್ಕೆ ವಸ್ತು ಕೂಡಿಸುವುದಕ್ಕೆ ಮಾತ್ರ ತುರ್ತು ಉಂಟು, ಯಾಕೆಂದರೆ ಅಮ್ಮನ ವಯಸ್ಸಿನವರೆಲ್ಲ ಅಮ್ಮನ ವಯಸ್ಸಿನವರೇ.

ಟ್ರಂಕು ತೆಗೆಯಿರಿ

ಬಟ್ಟೆಬರೆ ಹಂಚುವ ಮೊದಲು ಕಾಗದಗಳನ್ನು ಎತ್ತಿಡಿ. ನಮ್ಮ ಮನೆಯಲ್ಲಿ ಇನ್ನು ಸ್ವಲ್ಪ ತಡವಾಗಿದ್ದರೆ "ಹಳೇ ಕಾಗದ" ಎಂದು ಗುಜರಿಗೆ ಹೋಗುತ್ತಿತ್ತು. ನರ್ಸ್ ಆಗಿದ್ದವರ ಟ್ರಂಕಿನಲ್ಲಿ ಸಾಧಾರಣವಾಗಿ ಸಿಗುವುದು ಇವು: ನರ್ಸಿಂಗ್ ಸ್ಕೂಲಿನ ಸರ್ಟಿಫಿಕೇಟ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ನೇಮಕದ ಪತ್ರ, ಸರಕಾರಿ ಕೆಲಸವಾದರೆ ಸರ್ವಿಸ್ ರಿಜಿಸ್ಟರ್ ಮತ್ತು ಪೆನ್ಷನ್ ಕಾಗದ, ಕ್ಯಾಪ್ ಹಾಕಿಸಿಕೊಂಡ ದಿನದ ಗ್ರೂಪ್ ಫೋಟೋ. ಆ ಫೋಟೋದಲ್ಲಿ ಎಲ್ಲರೂ ಕೈಯಲ್ಲಿ ದೀಪವೋ ಮೇಣದಬತ್ತಿಯೋ ಹಿಡಿದು ನಿಂತಿರುತ್ತಾರೆ. ನೈಟಿಂಗೇಲ್ ದೀಪ ಅದು. ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12, ಆ ದಿನವೇ ನರ್ಸುಗಳ ದಿನ, ಅದನ್ನು ಆಮೇಲೆ ಬಳಸಿಕೊಳ್ಳಬಹುದು.

ಹೆಸರಿನ ಮುಂದಿನ ಅಕ್ಷರಗಳನ್ನು ಸರಿಯಾಗಿ ತಿಳಿದುಕೊಳ್ಳಿ. ಆರ್‌ಎನ್‌ಆರ್‌ಎಂ ಎಂದಿದ್ದರೆ ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್, ಅಂದರೆ ರೋಗಿ ನೋಡಿಕೊಳ್ಳುವುದಕ್ಕೂ ಹೆರಿಗೆ ಮಾಡಿಸುವುದಕ್ಕೂ ಅರ್ಹತೆ ಇದ್ದವರು. ಎಎನ್‌ಎಂ ಬೇರೆ, ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್ ಎಂದು ಅದರ ಪೂರ್ತಿ ಹೆಸರು, ಅವರು ಹೆಚ್ಚಾಗಿ ಆರೋಗ್ಯ ಉಪಕೇಂದ್ರದಲ್ಲಿದ್ದು ಹಳ್ಳಿ ಹಳ್ಳಿ ನಡೆದವರು. ಎರಡನ್ನೂ ಸುಮ್ನೆ "ನರ್ಸ್" ಎಂದು ಬರೆದರೆ ಆ ನಡೆದದ್ದೆಲ್ಲ ಹೋಗಿಬಿಡುತ್ತದೆ. ಸ್ಟಾಫ್ ನರ್ಸ್, ಒಂದು ವಾರ್ಡಿನ ಹೊಣೆ ಹೊತ್ತ ವಾರ್ಡ್ ಸಿಸ್ಟರ್, ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್, ಇವೂ ಒಂದೇ ಅಲ್ಲ. ಮೂವತ್ತು ವರ್ಷ ದುಡಿದು ಮೇಟ್ರನ್ ಆದವರನ್ನು "ಸ್ಟಾಫ್ ನರ್ಸ್ ಆಗಿದ್ದರು" ಎಂದು ಬರೆದ ಮಗನೊಬ್ಬನನ್ನು ನಾನು ತಿದ್ದಿದ್ದೇನೆ. ಅವನಿಗೆ ವ್ಯತ್ಯಾಸ ಗೊತ್ತೇ ಇರಲಿಲ್ಲ, ಪಾಪ.

ತಾರೀಕುಗಳನ್ನು ನಂಬಬೇಡಿ. ನಮ್ಮ ಅಮ್ಮನ ಹುಟ್ಟಿದ ದಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಜೂನ್ 1. ಅರ್ಧ ಊರಿನವರದ್ದು ಜೂನ್ 1, ಶಾಲೆ ಶುರುವಾಗುವ ದಿನಕ್ಕೆ ಹೊಂದಿಸಿ ಮೇಷ್ಟ್ರು ಬರೆದದ್ದು. ನಿಜವಾದ್ದು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಸಿಕ್ಕಿತು, ಅದರಲ್ಲಿ ಹುಟ್ಟಿದ ದಿನವೂ ಇತ್ತು, ದೀಕ್ಷಾಸ್ನಾನದ ದಿನವೂ ಇತ್ತು, ಯಾರು ಎತ್ತಿಕೊಂಡು ನಿಂತಿದ್ದರು ಎಂದೂ ಇತ್ತು. ಅಯ್ಯನವರನ್ನು, ಅಂದರೆ ಪಾದ್ರಿಗಳನ್ನು, ಕೇಳಿದರೆ ತೆಗೆದು ತೋರಿಸುತ್ತಾರೆ. ಭಾನುವಾರ ಆರಾಧನೆ ಮುಗಿದ ಗಡಿಬಿಡಿಯಲ್ಲಿ ಕೇಳಬೇಡಿ, ವಾರದ ನಡುವೆ ಹೋಗಿ. ಕರಾವಳಿಯ ಹಳೆ ಸಭೆಗಳಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದ ದಾಖಲೆಗಳೂ ಇರಬಹುದು. ಆ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಮತ್ತು ಬರೆದಿಡುವುದರಲ್ಲಿ ಅವರು ಮಹಾ ಗಟ್ಟಿಗರು. ಮಿಷನಿಗೆ ಸೇರಲು ಬರುವ ಹುಡುಗರೇ ಮೊದಲು ತಮ್ಮ ಜೀವನ ಚರಿತ್ರೆಯನ್ನು ಬರೆದು ಕೊಡಬೇಕಿತ್ತಂತೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೆಯ ಕಾಗದಪತ್ರಗಳ ಸಂಗ್ರಹ ಉಂಟು. ಅಜ್ಜ ಅಜ್ಜಿಯ ಕಾಲದವರೆಗೆ ಹೋಗಬೇಕೆಂದಿದ್ದರೆ ಮಾತ್ರ ಅಲ್ಲಿಗೆ ಹೋಗಿ, ಇಲ್ಲದಿದ್ದರೆ ಅಲ್ಲೇ ಕೂತು ದಿನ ಕಳೆದುಹೋಗುತ್ತದೆ.

ಊರು, ಜಿಲ್ಲೆ ಬರೆಯುವಾಗಲೂ ಎಚ್ಚರ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. 1948ರಲ್ಲಿ ಹುಟ್ಟಿದ ಅಮ್ಮ "ಉಡುಪಿ ಜಿಲ್ಲೆಯಲ್ಲಿ ಜನಿಸಿದರು" ಎಂದರೆ ತಪ್ಪು. ಆಗ ನಮ್ಮ ಕರಾವಳಿ ಮದ್ರಾಸಿಗೆ ಸೇರಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು. ಅಮ್ಮನ ಸರ್ಟಿಫಿಕೇಟಿನಲ್ಲಿ ಮೈಸೂರು ಎಂದು ನೋಡಿ "ಅಮ್ಮ ಮೈಸೂರಲ್ಲಿ ಓದಿದ್ದಾ?" ಎಂದು ನನ್ನ ತಂಗಿ ಎರಡು ದಿನ ತಲೆ ಕೆಡಿಸಿಕೊಂಡಳು. ಆಸ್ಪತ್ರೆಯ ಬಗ್ಗೆಯೂ ಹೀಗೆಯೇ. ಒಂದೊಂದು ಊರಿನಲ್ಲಿ "ಮಿಷನ್ ಆಸ್ಪತ್ರೆ" ಎಂದರೆ ಒಂದೊಂದು. ಉಡುಪಿಯಲ್ಲಾದರೆ ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ ಲೊಂಬಾರ್ಡ್ ಮೆಮೋರಿಯಲ್, ಮೈಸೂರಿನಲ್ಲಾದರೆ 1906ರ ಹೋಲ್ಡ್ಸ್‌ವರ್ತ್. ಪೂರ್ತಿ ಹೆಸರು ಒಂದು ಸಲ ಬರೆಯಿರಿ, ಆಮೇಲೆ ಜನ ಹೇಳುವ ಹೆಸರನ್ನೇ ಬಳಸಿ. ಇಂಥ ಹಳೆ ಆಸ್ಪತ್ರೆಗಳು ಬೆಳ್ಳಿಹಬ್ಬ, ಚಿನ್ನದ ಹಬ್ಬ, ಶತಮಾನ ಎಂದು ಸ್ಮರಣ ಸಂಚಿಕೆ ತರುತ್ತವೆ. ಹುಡುಕಿ. ನಾಲ್ಕನೇ ಸಾಲಿನ ಎಡದಿಂದ ಮೂರನೆಯವರು ನಿಮ್ಮ ಅಮ್ಮ ಆಗಿರಬಹುದು.

ಕಾಗದಕ್ಕಿಂತ ಮುಖ್ಯ ವಸ್ತುಗಳು. ಅಮ್ಮನ ಬೈಬಲ್ಲಿನ ಒಂದೊಂದೇ ಪುಟ ತಿರುವಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆದಿರುತ್ತಾರೆ. ನಮ್ಮ ಅಮ್ಮನ ಬೈಬಲ್ಲಿನಲ್ಲಿ, ನನಗೆ ಸಹಾಯ ಎಲ್ಲಿಂದ ಬರುತ್ತದೆ ಎಂದು ಕೇಳುವ ಕೀರ್ತನೆ 121ರ ಪಕ್ಕದಲ್ಲಿ ನನ್ನ ಅಪೆಂಡಿಕ್ಸ್ ಆಪರೇಷನ್ನಿನ ತಾರೀಕಿತ್ತು. ಅವತ್ತು ಡ್ಯೂಟಿ ಬದಲಿಸಿಕೊಳ್ಳದೆ ಕೆಲಸ ಮಾಡಿದ್ದರು ಎಂದು ನನಗೆ ಹದಿನೈದು ವರ್ಷ ಸಿಟ್ಟಿತ್ತು.

ಜನರನ್ನು ಕೇಳುವುದು

ಇದೇ ಮುಖ್ಯ. ಕಷ್ಟದ್ದೂ ಇದೇ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ, ದೊಡ್ಡ ಡಾಕ್ಟರರ ಹತ್ತಿರ ಹೋಗಿ "ಅಮ್ಮನ ಬಗ್ಗೆ ನಾಲ್ಕು ಮಾತು ಹೇಳಿ ಸರ್" ಎಂದು ಕೇಳುವುದು. ಅವರು ನಾಲ್ಕೇ ಮಾತು ಹೇಳುತ್ತಾರೆ, ಪ್ರಾಮಾಣಿಕರು, ಶಿಸ್ತಿನವರು, ಕರ್ತವ್ಯನಿಷ್ಠರು, ತುಂಬಲಾರದ ನಷ್ಟ. ಡಾಕ್ಟರ್ ರೌಂಡ್ಸಿಗೆ ಬಂದು ಹತ್ತು ನಿಮಿಷ ಇದ್ದು ಹೋಗುವವರು. ರಾತ್ರಿಯಿಡೀ ಜೊತೆಗಿದ್ದವರು ಆಯಾ, ವಾರ್ಡ್ ಬಾಯ್, ಕೆಳಗೆ ಗೇಟಿನ ವಾಚ್‌ಮನ್, ಲ್ಯಾಬಿನವರು, ಅಂಬ್ಯುಲೆನ್ಸ್ ಡ್ರೈವರ್, ಅಮ್ಮನ ಕೈಕೆಳಗೆ ಕೆಲಸ ಕಲಿತು ಈಗ ತಾವೇ ಸೀನಿಯರ್ ಆಗಿರುವ ನರ್ಸುಗಳು. ಅವರ ಹತ್ತಿರ ಹೋಗಿ.

"ಅಮ್ಮ ಹೇಗಿದ್ದರು?" ಎಂದು ಕೇಳಬೇಡಿ. ತೀರಿಹೋದವರ ಮಗನ ಹತ್ತಿರ ಯಾರು ತಾನೇ ಬೇರೆ ಉತ್ತರ ಕೊಡುತ್ತಾರೆ, "ಒಳ್ಳೆಯವರು" ಎಂದೇ ಬರುತ್ತದೆ. ಸಣ್ಣದು ಕೇಳಿ. ನೈಟ್ ಡ್ಯೂಟಿಗೆ ಊಟಕ್ಕೆ ಎಂತ ತರ್ತಿದ್ದರು? ಎಷ್ಟು ಗಂಟೆಗೆ ತಿನ್ನುತ್ತಿದ್ದರು? ಹೊಸ ಹುಡುಗಿ ಇಂಜೆಕ್ಷನ್ ತಪ್ಪಾಗಿ ಹಾಕಿದರೆ ಎಲ್ಲರ ಎದುರು ಬೈಯುತ್ತಿದ್ದರಾ, ಒಳಗೆ ಕರೆದಾ? ಅವರು ಯಾರಿಗೆ ಹೆದರುತ್ತಿದ್ದರು? ಡ್ಯೂಟಿ ಕೊಟ್ಟು ಹೋಗುವಾಗ ಕೊನೆಗೆ ಏನು ಹೇಳುತ್ತಿದ್ದರು? ಅವರು ಅತ್ತದ್ದು ನೋಡಿದ್ದೀರಾ? ಹೀಗೆ ಕೇಳಿದಾಗ ಮಾತ್ರ ಅಂಥದ್ದು ಸಿಗುತ್ತದೆ: ಅಮ್ಮ ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು, ನಾಡಿ ಹಿಡಿದ ಕೈ ಬಿಡದೆ ಸೆಕೆಂಡಿನ ಮುಳ್ಳು ನೋಡಲಿಕ್ಕೆ. ನಾನು ನಲವತ್ತು ವರ್ಷ ಆ ವಾಚು ನೋಡಿದ್ದೇನೆ, ಒಂದು ದಿನವೂ ಯಾಕೆ ಹಾಗೆ ಎಂದು ಯೋಚಿಸಿರಲಿಲ್ಲ.

ನೋವಿನಲ್ಲಿ ಕಿರುಚುತ್ತಿದ್ದ ಹೆಂಗಸರ ಕಾಲ ಬಳಿ ನಿಂತು ಅಮ್ಮ ತುಳುವಿನಲ್ಲಿ ಒಂದೇ ಮಾತು ಹೇಳುತ್ತಿದ್ದರಂತೆ, "ಪೋಡ್ಯೊಡ್ಚಿ, ದಾಲ ಆಪುಜಿ." ಹೆದರಬೇಡ, ಏನೂ ಆಗುವುದಿಲ್ಲ. ಮನೆಯಲ್ಲಿ ನಮಗೆ ಗುಡುಗು ಬಂದಾಗ ಹೇಳುತ್ತಿದ್ದದ್ದೂ ಅದೇ ಮಾತು, ಅದೇ ದನಿ. ಇಂಥ ಮಾತು ಸಿಕ್ಕಿದರೆ ಅದನ್ನು ಕನ್ನಡಕ್ಕೆ ತಿರುಗಿಸಿ ಚಂದ ಮಾಡಲು ಹೋಗಬೇಡಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಹಾಗೇ ಇಡಿ. ಪಕ್ಕದಲ್ಲಿ ಅರ್ಥ ಹೇಳಿದರೆ ಆಯಿತು.

ವರ್ಷ ನೆನಪಿಲ್ಲ ಎನ್ನುತ್ತಾರೆ ಎಲ್ಲರೂ. ಅದಕ್ಕೆ ಒಂದು ಉಪಾಯ, ಎಲ್ಲರಿಗೂ ಗೊತ್ತಿರುವ ಘಟನೆಯನ್ನು ಗೂಟ ಮಾಡಿಕೊಳ್ಳಿ. ಇಂದಿರಾ ಗಾಂಧಿ ಹತ್ಯೆಯಾದ ದಿನ, 1984ರ ಅಕ್ಟೋಬರ್ 31, ಅಮ್ಮ ಎಲ್ಲಿದ್ದರು? ನಾನು ಹೀಗೆ ಕೇಳಿದ ಕೂಡಲೇ ಒಬ್ಬರು ಹೇಳಿದರು, "ಅವತ್ತು ಬಸ್ಸಿಲ್ಲ, ಮುಂದಿನ ಡ್ಯೂಟಿಯವರು ಬರಲಿಲ್ಲ, ನಿಮ್ಮ ಅಮ್ಮ ಮರುದಿನ ಮಧ್ಯಾಹ್ನದವರೆಗೂ ನಿಂತೇ ಇದ್ದರು." ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ, ಆ ಭಾನುವಾರಗಳಲ್ಲಿ ಅಮ್ಮ ಚರ್ಚಿಗೆ ಬಂದರಾ, ಬೂತಿಗೆ ಹೋದರಾ? ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಬಿದ್ದದ್ದು 2010ರ ಮೇ 22. ಕೊರೊನಾ ಲಾಕ್‌ಡೌನ್ 2020ರ ಮಾರ್ಚ್. ಶಿವಮೊಗ್ಗ ಕಡೆಯವರಾದರೆ ಮಂಗನ ಕಾಯಿಲೆ ಇದ್ದೇ ಉಂಟು, ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಪತ್ತೆಯಾದದ್ದು 1957ರಲ್ಲಿ. ಗಲ್ಫಿಗೆ ಹೋಗಿದ್ದ ನರ್ಸುಗಳಾದರೆ 1990ರ ಆಗಸ್ಟ್ 2 ಕೇಳಿ, ಕುವೈತಿಗೆ ಇರಾಕ್ ನುಗ್ಗಿದ ದಿನ. ಅಲ್ಲಿಂದ ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾದಲ್ಲಿ ಮುಂಬೈಗೆ, ಒಂದೇ ಸೂಟ್‌ಕೇಸಿನಲ್ಲಿ ಬಂದವರು ನಮ್ಮ ಸಭೆಯಲ್ಲೇ ಇಬ್ಬರಿದ್ದಾರೆ. ಗೂಟ ಸಿಕ್ಕಿದರೆ ಹಗ್ಗ ತಾನಾಗಿ ಬರುತ್ತದೆ.

ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲೇ ಕೇಳಿ ಮಾಡಿ. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಕಥೆಯ ನಡುವೆಯೇ ಯಾರೋ ಲೋನ್ ಬೇಕಾ ಎಂದು ಫೋನ್ ಮಾಡುತ್ತಾರೆ. ಫ್ಯಾನಿನ ಕೆಳಗೆ ಬೇಡ. ಮಡಚಿದ ಟವೆಲಿನ ಮೇಲೆ ಇಟ್ಟರೆ ಮೇಜಿನ ಸದ್ದು ಬರುವುದಿಲ್ಲ.

ಕೆಲಸದ ಬಗ್ಗೆ ಬರೆಯುವಾಗ

"ರೋಗಿಗಳ ಸೇವೆಯೇ ದೇವರ ಸೇವೆ ಎಂದು ತಿಳಿದಿದ್ದರು" ಎಂಬ ವಾಕ್ಯ ನೀವು ಬರೆದಿದ್ದರೆ, ದಯವಿಟ್ಟು ಹೊಡೆದುಹಾಕಿ. ಅದರ ಜಾಗದಲ್ಲಿ ಒಂದು ದಿನ ಬರೆಯಿರಿ. ಒಂದೇ ಒಂದು ದಿನ, ಸಂಜೆಯಿಂದ ಬೆಳಿಗ್ಗೆಯವರೆಗೆ. ಸಂಜೆ ಏಳಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕ್ಯಾಪನ್ನು ಹೊಳೆಯುವ ಕಾಗದದಲ್ಲಿ ಸುತ್ತಿ ಚೀಲದಲ್ಲಿ ಇಡುವುದು, ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯ ಬದು ದಾಟುವುದು, ಏಳೂವರೆಯ ಬಸ್ಸು, ಎಂಟಕ್ಕೆ ಡ್ಯೂಟಿ ತೆಗೆದುಕೊಳ್ಳುವುದು, ಗಾಜಿನ ಸಿರಿಂಜುಗಳನ್ನು ಬಟ್ಟೆಯಲ್ಲಿ ಸುತ್ತಿ ಕುದಿಸಲು ಇಡುವುದು. ಈಗಿನ ಮಕ್ಕಳಿಗೆ ಸಿರಿಂಜು ಕುದಿಸುತ್ತಿದ್ದರು ಎಂದರೆ ಗೊತ್ತೇ ಇಲ್ಲ. ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು ಮತ್ತೆ ಬಳಸುತ್ತಿದ್ದ ಕಾಲವನ್ನು ಅಮ್ಮ ಕಂಡಿದ್ದರು. ಕರೆಂಟು ಹೋದರೆ ಟಾರ್ಚಿನಲ್ಲಿ ಹೆರಿಗೆ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರ ಟೆಂಪರೇಚರ್. ಬೆಳಿಗ್ಗೆ ಮನೆಗೆ ಬಂದು ಸೀರೆ ಬದಲಿಸುವ ಮೊದಲು ನಮ್ಮ ಟಿಫಿನ್ ಡಬ್ಬಿ. ಇಷ್ಟು ಬರೆದ ಮೇಲೆ "ತ್ಯಾಗ" ಎಂದು ನೀವು ಬರೆಯುವುದು ಬೇಡ, ಓದಿದವರೇ ಹೇಳಿಕೊಳ್ಳುತ್ತಾರೆ.

ಎಷ್ಟು ಹೆರಿಗೆ ಮಾಡಿಸಿದ್ದರು ಎಂದು ಅಂದಾಜಿನಲ್ಲಿ "ಹತ್ತು ಸಾವಿರ" ಎಂದೆಲ್ಲ ಬರೆಯುತ್ತಾರೆ. ಲೆಕ್ಕ ಇಲ್ಲದಿದ್ದರೆ ಬರೆಯಬೇಡಿ. ಊರಿನಲ್ಲಿ ಬಸ್ ಹತ್ತಿದರೆ ಯಾರಾದರೂ ಒಬ್ಬರು ಎದ್ದು ಸೀಟು ಕೊಡುತ್ತಿದ್ದರು ಎಂದರೆ ಸಾಕು.

ಇನ್ನೊಂದು ಗಟ್ಟಿ ನಿಯಮ. ರೋಗಿಗಳ ವಿಷಯ ಬರೆಯಬಾರದು. ಹೆಸರು ಹಾಕದಿದ್ದರೂ ಸಣ್ಣ ಊರಿನಲ್ಲಿ "ಪೇಟೆಯ ದೊಡ್ಡ ಅಂಗಡಿಯವರ ಸೊಸೆ" ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮದುವೆಯಾಗದ ಹುಡುಗಿ ಹೆತ್ತದ್ದು, ಯಾರಿಗೋ ಕ್ಷಯ ಇದ್ದದ್ದು, ವಿಷ ಕುಡಿದು ಬಂದವರನ್ನು ಉಳಿಸಿದ್ದು, ಇವೆಲ್ಲ ಅಮ್ಮನ ದೊಡ್ಡ ಕೆಲಸಗಳೇ ಇರಬಹುದು. ಆದರೆ ಅಮ್ಮ ಅದನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ ಅಲ್ವಾ? ಅವರು ಮುಚ್ಚಿಟ್ಟದ್ದನ್ನು ಅವರ ಹೆಸರಿನಲ್ಲೇ ನಾವು ಬಿಚ್ಚುವುದು ಸರಿಯಲ್ಲ. ಆ ರೋಗಿಯೇ ತಾನಾಗಿ ಬಂದು "ಇದನ್ನು ಬರೆಯಿರಿ" ಎಂದರೆ ಬೇರೆ ಮಾತು. ನನಗೆ ಒಬ್ಬರು ಹಾಗೆ ಬಂದು ಹೇಳಿದರು, ಅವರು ಹೇಳಿದ ಹಾಗೆಯೇ ಬರೆದು, ಓದಿ ತೋರಿಸಿ, ಆಮೇಲೆ ಇಟ್ಟುಕೊಂಡೆ.

ಚರ್ಚಿನ ಭಾಗ

"ದೈವಭಕ್ತೆ" ಎಂದರೆ ಯಾರಿಗೂ ಏನೂ ಕಾಣುವುದಿಲ್ಲ. ಎಷ್ಟನೇ ಬೆಂಚು? ಯಾವ ಬದಿಗೆ, ಫ್ಯಾನಿನ ಕೆಳಗೋ ಕಿಟಕಿಯ ಹತ್ತಿರವೋ? ಯಾವ ಗೀತೆಗೆ ದನಿ ಎತ್ತುತ್ತಿದ್ದರು, ಯಾವುದರಲ್ಲಿ ಮೇಲಿನ ಸ್ವರ ಸಿಗದೆ ಬರೀ ತುಟಿ ಆಡಿಸುತ್ತಿದ್ದರು? ಸ್ತ್ರೀಯರ ಕೂಟದಲ್ಲಿ ಲೆಕ್ಕ ಬರೆಯುತ್ತಿದ್ದರಾ, ಚಹಾ ಮಾಡುತ್ತಿದ್ದರಾ? ಬೆಳೆ ಹಬ್ಬದ ಏಲಂನಲ್ಲಿ, ಅಂದರೆ ಕಾಣಿಕೆ ವಸ್ತುಗಳ ಹರಾಜಿನಲ್ಲಿ, ಏನು ಕೂಗಿದರು? ನಮ್ಮ ಅಮ್ಮ ಪ್ರತಿ ವರ್ಷ ಹಿತ್ತಲಿನ ಒಂದು ಕಟ್ಟು ಬಸಳೆ ಒಯ್ದು ಕಾಣಿಕೆ ಕೊಡುತ್ತಿದ್ದರು, ಆಮೇಲೆ ಏಲಂನಲ್ಲಿ ಅದನ್ನೇ ಹತ್ತು ಪಟ್ಟು ಕೊಟ್ಟು ವಾಪಸ್ ತರುತ್ತಿದ್ದರು. ಅಪ್ಪನಿಗೆ ಈ ವ್ಯಾಪಾರ ಕೊನೆಯವರೆಗೂ ಅರ್ಥವಾಗಲಿಲ್ಲ.

ನೈಟ್ ಡ್ಯೂಟಿ ಮುಗಿಸಿ ಸೀದಾ ಆರಾಧನೆಗೆ ಬಂದ ಭಾನುವಾರಗಳಲ್ಲಿ ಅಮ್ಮ ಪ್ರಸಂಗದ, ಅಂದರೆ ಅಯ್ಯನವರ ಪ್ರವಚನದ, ಹೊತ್ತಿಗೆ ನಿದ್ದೆ ಮಾಡುತ್ತಿದ್ದರು. ಸಣ್ಣ ನಿದ್ದೆಯಲ್ಲ. ತಲೆ ಮುಂದಿನ ಬೆಂಚಿಗೆ ತಾಗುವಷ್ಟು. ನಾನು ಮೊದಲ ಸಲ ಇದನ್ನು ಬರೆಯಲಿಲ್ಲ, ಮರ್ಯಾದೆ ಎಂದು. ಎರಡನೇ ಸಲ ಬರೆದೆ. ಓದಿದಾಗ ಇಡೀ ಚರ್ಚು ನಕ್ಕಿತು, ಆ ಕಾಲದ ಅಯ್ಯನವರು ಎದ್ದು ನಿಂತು, "ಅವರನ್ನು ಎಬ್ಬಿಸಬೇಡಿ ಎಂದು ಪಕ್ಕದವರಿಗೆ ನಾನೇ ಹೇಳಿದ್ದೆ" ಎಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ವಚನ ಹಾಕುವುದಾದರೆ ಒಂದೇ ಹಾಕಿ, ಅವರ ಬೈಬಲ್ಲಿನಲ್ಲಿ ಗೆರೆ ಎಳೆದದ್ದು. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಒಳ್ಳೆಯ ವಚನವೇ, ಜ್ಞಾನೋಕ್ತಿ 31ರ ಗುಣವತಿಯಾದ ಹೆಂಡತಿಯೂ ಒಳ್ಳೆಯದೇ, ಆದರೆ ಎಲ್ಲರಿಗೂ ಅದೇ. ನನ್ನನ್ನು ಕೇಳಿದರೆ, ಬರೆಯಲು ಕೂರುವ ಮೊದಲು ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಒಂಬತ್ತನೇ ಅಧ್ಯಾಯದ ಕೊನೆ ಓದಿ. ಯೊಪ್ಪದಲ್ಲಿ ತಬಿಥಾ ಎಂಬಾಕೆ ಸಾಯುತ್ತಾಳೆ, ಗ್ರೀಕಿನಲ್ಲಿ ದೊರ್ಕ. ಯೇಸುವಿನ ಶಿಷ್ಯ ಪೇತ್ರ ಬಂದಾಗ ವಿಧವೆಯರು ಅಳುತ್ತಾ ಅವನ ಸುತ್ತ ನಿಲ್ಲುತ್ತಾರೆ. ಅವಳು ಕರುಣಾಮಯಿ ಎಂದು ಆ ವಿಧವೆಯರು ಭಾಷಣ ಮಾಡುವುದಿಲ್ಲ. ಅವಳು ಬದುಕಿದ್ದಾಗ ತಮಗೆ ಹೊಲಿದುಕೊಟ್ಟ ಅಂಗಿ, ಮೇಲುಹೊದಿಕೆಗಳನ್ನು ತೆಗೆದು ತೋರಿಸುತ್ತಾರೆ. ಇಷ್ಟೇ. ಒಳ್ಳೆಯ ಜೀವನ ಚರಿತ್ರೆ ಎಂದರೆ ಆ ವಿಧವೆಯರು ಮಾಡಿದ್ದನ್ನೇ ಮಾಡುವುದು. ಬಟ್ಟೆ ತೋರಿಸಿ.

ಮತ್ತೆ, ಕೇಳಲು ಬಂದವರೆಲ್ಲ ಸಭೆಯವರಲ್ಲ. ನರ್ಸಮ್ಮ ತೀರಿಹೋದರೆ ಇಡೀ ಊರು ಬರುತ್ತದೆ, ಬ್ಯಾರಿಗಳು, ಭಟ್ಟರು, ಮೀನಿನವರು, ಎಲ್ಲರೂ. "ಕರ್ತನಲ್ಲಿ ನಿದ್ರೆಹೋದರು" ಎಂದು ಒಂದು ಸಲ ಹೇಳಿ, ಚರ್ಚಿನ ಮಾತು ಅದು, ಚಂದದ ಮಾತು. ಉಳಿದ ಕಡೆ "ತೀರಿಹೋದರು" ಎನ್ನಿ. ಸ್ಥಿರೀಕರಣ, ಪವಿತ್ರ ಭೋಜನ ಎಂದೆಲ್ಲ ಬಂದರೆ ಅರ್ಧ ಸಾಲಿನಲ್ಲಿ ಏನೆಂದು ಹೇಳಿಬಿಡಿ.

ಅಮ್ಮ ಎಂದು ಬರೆಯುವಾಗ

ಇಲ್ಲಿ ಕೈ ನಡುಗುತ್ತದೆ. ನಡುಗಲಿ. ನರ್ಸುಗಳ ಮಕ್ಕಳಿಗೆಲ್ಲ ಒಂದು ಸಣ್ಣ ದೂರು ಇರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಶಾಲೆಯ ವಾರ್ಷಿಕೋತ್ಸವಕ್ಕೆ ಬರಲಿಲ್ಲ, ಕ್ರಿಸ್‌ಮಸ್ ರಾತ್ರಿ ಡ್ಯೂಟಿ, ಜ್ವರ ಬಂದರೆ ಹಣೆ ಮುಟ್ಟಿ "ಇದೆಲ್ಲ ಜ್ವರವಾ?" ಎಂದು ಶಾಲೆಗೆ ಓಡಿಸಿದ್ದು. ಒಂದನ್ನಾದರೂ ಬರೆಯಿರಿ. ಒಂದೇ ಸಾಕು, ಪಟ್ಟಿ ಬೇಡ. ಯಾವ ಕೊರತೆಯೂ ಇಲ್ಲದ ಅಮ್ಮನನ್ನು ಯಾರೂ ನಂಬುವುದಿಲ್ಲ, ಸಭೆಯಲ್ಲಿ ಕೂತ ಅವರ ತಂಗಿಯಂತೂ ನಂಬುವುದೇ ಇಲ್ಲ.

ಅಣ್ಣತಮ್ಮಂದಿರ ಜಗಳ, ಆಸ್ತಿ, ಕೊನೆಯ ಆಸ್ಪತ್ರೆಯ ಬಿಲ್ಲು, ಯಾರು ನೋಡಲು ಬರಲಿಲ್ಲ, ಇವು ಬೇಡ. ಮಕ್ಕಳ ಹೆಸರು ಹಿರಿಯರಿಂದ ಕಿರಿಯರಿಗೆ, ಸೊಸೆ ಅಳಿಯಂದಿರ ಹೆಸರು ಬಿಡಬೇಡಿ, ಮೊದಲೇ ತೀರಿಹೋದ ಮಗು ಇದ್ದರೆ ಅದನ್ನೂ ಸೇರಿಸಿ. ಕೊನೆಯ ಕಾಯಿಲೆ ಎರಡು ಸಾಲು. ನಾನು ಬರೆದದ್ದು ಇಷ್ಟು: ಅಮ್ಮ ಮಲಗಿದ್ದಲ್ಲಿಂದಲೇ ತನ್ನ ಡ್ರಿಪ್ಪಿನ ಹನಿಗಳನ್ನು ವಾಚು ನೋಡಿ ಎಣಿಸಿ, ಸ್ಪೀಡ್ ಜಾಸ್ತಿ ಆಯಿತು ಎಂದು ಹೊಸ ನರ್ಸ್ ಹುಡುಗಿಗೆ ಹೇಳಿದರು, ಆಮೇಲೆ ಅವಳನ್ನು ಹತ್ತಿರ ಕರೆದು "ಊಟ ಆಯ್ತಾ?" ಎಂದರು.

ಬರೆದ ಮೇಲೆ

ಹುಟ್ಟಿನಿಂದಲೇ ಶುರು ಮಾಡಬೇಕೆಂದಿಲ್ಲ. ನನ್ನದು ವಾಚಿನಿಂದ ಶುರುವಾಗುತ್ತದೆ. ಬರೆದಾದ ಮೇಲೆ ಹೊಗಳುವ ಶಬ್ದಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅವನ್ನು ಬಿಟ್ಟು ಓದಿ. ಉಳಿದದ್ದು ನಿಮ್ಮ ಅಮ್ಮನೇ ಆಗಿದ್ದರೆ ಸರಿ. ಏನೂ ಉಳಿಯದಿದ್ದರೆ ಮತ್ತೆ ಆ ಆಯಾ ಮನೆಗೆ ಹೋಗಿ. ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಆರು ನಿಮಿಷ ದಾಟಿದರೆ ಕತ್ತರಿಸಿ. ಅಳು ಬರುವ ಜಾಗ ಮೊದಲೇ ಗೊತ್ತಾಗುತ್ತದೆ, ಅಲ್ಲಿಂದ ಮುಂದಕ್ಕೆ ಓದಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಫೋಟೋಗೆ ಪಾಸ್‌ಪೋರ್ಟ್ ಫೋಟೋ ದೊಡ್ಡದು ಮಾಡಿಸಿ ಹಿಂದೆ ನೀಲಿ ಆಕಾಶ ಹಾಕಿಸುವುದು ಬೇಡ. ಯೂನಿಫಾರ್ಮಿನದ್ದು ಒಂದು, ಮನೆಯದ್ದು ಒಂದು. ಹಳೆ ಫೋಟೋವನ್ನು ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ, ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ತೆಗೆಯಿರಿ. ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್.

ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ, ಅವರು ಕಲಿತ ನರ್ಸಿಂಗ್ ಸ್ಕೂಲಿನಲ್ಲಿ ಮೇ 12ಕ್ಕೆ ಒಂದು ದತ್ತಿ ಬಹುಮಾನ ಇಡಬಹುದು, ಅಥವಾ ಒಬ್ಬ ಹುಡುಗಿಯ ಯೂನಿಫಾರ್ಮು, ಶೂ, ಸೆಕೆಂಡಿನ ಮುಳ್ಳಿರುವ ಒಂದು ವಾಚು. ಚರ್ಚಿಗೆ ಇನ್ನೊಂದು ಗೋಡೆ ಗಡಿಯಾರ ಕೊಡಬೇಡಿ, ನಮ್ಮಲ್ಲಿ ಈಗಾಗಲೇ ಏಳು ಉಂಟು.

ಪ್ರಿಂಟ್ ಹಾಕಿಸುವಾಗ ನಡುವೆ ಜಾಗ ಬಿಟ್ಟು ಹತ್ತು ಪ್ರತಿ ಹೆಚ್ಚು ತೆಗೆಯಿರಿ, ಜನ ತಿದ್ದಲಿಕ್ಕೆ. ನಾನು ವರ್ಷದ ದಿನ ಓದಿ ಮುಗಿಸಿ ಕೆಳಗಿಳಿದಾಗ ಆ ಆಯಾ ಬಾಗಿಲ ಹತ್ತಿರವೇ ನಿಂತಿದ್ದರು. ಈ ಸಲ ಯಾರದ್ದು ಎಂದು ಕೇಳಲಿಲ್ಲ. "ಎಲ್ಲಾ ಸರಿ ಉಂಟು ಮಗಾ," ಎಂದರು, "ಆದರೆ ಟಾರ್ಚು ಎರಡು ಸೆಲ್ಲಿನದ್ದಲ್ಲ, ಮೂರು ಸೆಲ್ಲಿನದ್ದು. ನಾನೇ ಹಿಡಿಯುತ್ತಿದ್ದದ್ದು, ಭಾರ ನನಗೆ ಗೊತ್ತಿಲ್ಲವಾ?" ಅಲ್ಲೇ ಪೆನ್ನು ತೆಗೆದು ತಿದ್ದಿದೆ.